ದುಬಾರಿ ಬ್ರೇಕ್ ಬಿಚ್ಚಿ ಕಬ್ಬಿಣ ಹಾಕೋದು ಎಂತಕ್ಕೆ?

1/8
ಹ್ವಾಯ್, ಇಷ್ಟು ದಿನ ಈ ಪೇಜಲ್ಲಿ ಕತ್ತಲೆ ಬಸದಿ, ಕೋಟೆ, ಆಳುಪರು ಅಂತ ನಮ್ಮ ಬಾರ್ಕೂರಿನ ಕಥೆಯನ್ನೇ ಬರೆದೆ. ಇವತ್ತು ಸ್ವಲ್ಪ ಬೇರೆ ಹಿಸ್ಟರಿ. ಕಳೆದ ವಾರ ಕ್ಲಾಸಿನ ಒಬ್ಬ ರೀಲ್ ಕಳಿಸಿದ್ದ. ಪೋರ್ಷೆ ಕಾರಿನ ಸೆರಾಮಿಕ್ ಬ್ರೇಕ್ ಬಿಚ್ಚಿ ಮಾಮೂಲಿ ಕಬ್ಬಿಣದ ಡಿಸ್ಕ್ ಹಾಕ್ತಿದ್ದಾರೆ, ಅದೂ ರೇಸಿಗೆ ಹೋಗ್ಲಿಕ್ಕೆ! "ಇವರಿಗೆ ಮಂಡೆ ಸಮ ಇಲ್ವಾ ಮಾರಾಯ?" ಅಂತ ಕೇಳಿದ. ಮಂಡೆ ಸಮ ಇದೆ. ಯಾಕೆ ಅಂತ ತಿಳಿಯಲು ನೂರು ವರ್ಷ ಹಿಂದೆ ಹೋಗಬೇಕು. ಬನ್ನಿ.

2/8
ಮೊದಲು ಒಂದು ಲೆಕ್ಕ. ಬ್ರೇಕ್ ಅಂದ್ರೆ ಕಾರನ್ನು ನಿಲ್ಲಿಸುವ ಯಂತ್ರ ಅಂತ ನಾವು ಅಂದುಕೊಳ್ತೇವೆ. ನಿಜಕ್ಕೂ ಅದು ಓಟವನ್ನು ಬಿಸಿಯಾಗಿ ಬದಲಿಸುವ ಯಂತ್ರ. 1,400 ಕಿಲೋ ತೂಕದ ಕಾರು 200 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಶಾಖದಲ್ಲಿ ಆರೂವರೆ ಲೀಟರ್ ನೀರನ್ನು ಕುದಿಸಬಹುದು. ರೇಸಲ್ಲಿ ಇದು ಪ್ರತಿ ಲ್ಯಾಪಿನಲ್ಲಿ ಹಲವು ಸಲ ಆಗುತ್ತದೆ. ನಮ್ಮ ಘಟ್ಟದಲ್ಲೂ ಅಷ್ಟೇ: 10 ಟನ್ನಿನ ಬಸ್ಸು ಬರೀ ಬ್ರೇಕಿನ ಮೇಲೆ 500 ಮೀಟರ್ ಎತ್ತರ ಇಳಿದರೆ 150 ಲೀಟರ್ ನೀರು ಕುದಿಯುವಷ್ಟು ಶಾಖ. ಆಗುಂಬೆಯ 14 ತಿರುವು ಇಳಿಯುವಾಗ ಬರುತ್ತದಲ್ಲ ಸುಟ್ಟ ವಾಸನೆ, ಅದು ಇದೇ. ಬ್ರೇಕಿನ ಇತಿಹಾಸ ಅಂದ್ರೆ ಈ ಬಿಸಿಯನ್ನು ಎಲ್ಲಿಗೆ ಕಳಿಸುವುದು ಅನ್ನುವುದರ ಇತಿಹಾಸ.

3/8
1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದುಕೊಂಡ. ಆದರೆ ಅವನ ಬ್ರೇಕಲ್ಲಿ ತಾಮ್ರ ಉಜ್ಜಿ ಕಿವಿ ಒಡೆಯುವ ಹಾಗೆ ಕಿರುಚುತ್ತಿತ್ತು. ಹಾಗಾಗಿ ಮುಂದಿನ ಐವತ್ತು ವರ್ಷ ಡ್ರಮ್ ಬ್ರೇಕಿನದ್ದೇ ರಾಜ್ಯ. ಒಳಗೆ ಶಾಖ ತಡೆಯಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ತುಂಬಿದ ಲೈನಿಂಗ್. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರುತ್ತದೆ ಅಂತ ಜಗತ್ತಿಗೆ ಅರ್ಥವಾಗುವಷ್ಟರಲ್ಲಿ ಡ್ರಮ್ ಬಿಚ್ಚಿ ಧೂಳು ಊದಿದ ಮೆಕ್ಯಾನಿಕ್‌ಗಳ ಎಷ್ಟೋ ತಲೆಮಾರು ಕಳೆದಿತ್ತು. ನಿಮ್ಮ ಮನೆ ಹತ್ತಿರದ ಗ್ಯಾರೇಜಿನ ಅಣ್ಣ ಈಗಲೂ ಬಾಯಲ್ಲೋ ಏರ್ ಪೈಪಲ್ಲೋ ಬ್ರೇಕ್ ಧೂಳು ಊದುತ್ತಿದ್ದರೆ ದಯವಿಟ್ಟು ಹೇಳಿ: ಒದ್ದೆ ಬಟ್ಟೆಯಲ್ಲಿ ಒರೆಸಿ, ಊದಬೇಡಿ.

4/8
ಡ್ರಮ್ಮಿನ ದೊಡ್ಡ ತೊಂದರೆ ಅಂದ್ರೆ ಬಿಸಿ ಒಳಗೇ ಕೂರುತ್ತದೆ. ಕಾದಷ್ಟೂ ಹಿಡಿತ ಕಡಿಮೆ. ಡಿಸ್ಕ್ ಹಾಗಲ್ಲ, ಗಾಳಿಗೆ ತೆರೆದಿರುತ್ತದೆ. 1952ರಲ್ಲಿ ಫ್ರಾನ್ಸಿನ ರ‍್ಯಾಂಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಡನ್‌ಲಪ್ ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್ ಓಡಿಸಿ ಗೆದ್ದ. 1953ರಲ್ಲಿ ಲೆ ಮಾನ್ಸ್‌ನ 24 ಗಂಟೆ ರೇಸನ್ನೂ ಅದೇ ಜಾತಿಯ ಕಾರು ಗೆದ್ದಿತು.

1955ರ ಲೆ ಮಾನ್ಸ್ ಮಾತ್ರ ಓದಲು ಕಷ್ಟ. ಮುಂದಿದ್ದ ಜಾಗ್ವಾರ್ ಪಿಟ್‌ಗೆಂದು ಥಟ್ಟನೆ ವೇಗ ಇಳಿಸಿತು. ಹಿಂದಿದ್ದ ಆಸ್ಟಿನ್-ಹೀಲಿ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಬಂತು. ಅದರ ಹಿಂದೆ ಭಾರೀ ವೇಗದಲ್ಲಿದ್ದ, ಡ್ರಮ್ ಬ್ರೇಕಿನ ಮರ್ಸಿಡಿಸ್ ಡಿಕ್ಕಿ ಹೊಡೆದು ಜನರ ಕಡೆಗೆ ಹಾರಿತು. 80ಕ್ಕೂ ಹೆಚ್ಚು ಜನ ಸತ್ತರು. ಕಾರಣ ಒಂದೇ ಅಲ್ಲ. ಪಿಟ್ ಮುಂದಿನ ರಸ್ತೆಯೂ ಇಕ್ಕಟ್ಟಾಗಿತ್ತು. ಆದರೆ ಒಂದೇ ರಸ್ತೆಯಲ್ಲಿ ಒಂದು ಕಾರು ಬೇಗ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ ಅಂದ್ರೆ ಏನಾಗಬಹುದು ಅಂತ ಎಲ್ಲರೂ ಅವತ್ತು ಕಂಡರು.

5/8
ಮುಂದೆ ಬಂದದ್ದು ಕಾರ್ಬನ್. ಅದು ವಿಮಾನದಿಂದ ಬಂತು: ಕಾಂಕಾರ್ಡ್ ವಿಮಾನಕ್ಕೆ ಕಾರ್ಬನ್ ಬ್ರೇಕ್ ಇತ್ತು. 1976ರ ಹೊತ್ತಿಗೆ ಬ್ರಾಭಮ್ ತಂಡ ಅದನ್ನು ಫಾರ್ಮುಲಾ ಒನ್ನಿನಲ್ಲಿ ಪ್ರಯೋಗ ಮಾಡಿತು. ಬಂಟ್ವಾಳ ಮೂಲದ ಮಲ್ಯ ಕುಟುಂಬದ ವಿಜಯ್ ಮಲ್ಯ ನಡೆಸಿದ ಫೋರ್ಸ್ ಇಂಡಿಯಾ ಕಾರುಗಳಲ್ಲೂ ಇದ್ದದ್ದು ಇದೇ. ಆದರೆ ಇದು ಚೆನ್ನಾಗಿ ಕಾದ ಮೇಲೆ ಮಾತ್ರ ಸರಿಯಾಗಿ ಹಿಡಿಯುತ್ತದೆ. ಬೆಳಿಗ್ಗೆ ಮನೆಯಿಂದ ಹೊರಟು ಬಾರ್ಕೂರು ಪೇಟೆಯ ಮೊದಲ ತಿರುವಲ್ಲಿ ದನ ಅಡ್ಡ ಬಂದ್ರೆ? ದೇವರೇ ಗತಿ.

ಅದಕ್ಕೇ ರಸ್ತೆ ಕಾರಿಗೆ ಬೇರೆ ಉಪಾಯ. ಕಾರ್ಬನ್ ನಾರಿನ ಡಿಸ್ಕ್ ಮಾಡಿ, ಅದರೊಳಗೆ ಕರಗಿದ ಸಿಲಿಕಾನ್ ಇಳಿಸಿದರೆ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಚೂರಿ ಹರಿತ ಮಾಡುವ ಸಾಣೆಕಲ್ಲಿನಲ್ಲಿ ಇರುತ್ತದಲ್ಲ, ಅದೇ ವಸ್ತು! 2001ರಲ್ಲಿ ಪೋರ್ಷೆ 911 ಜಿಟಿ2, 2002ರಲ್ಲಿ ಫೆರಾರಿ ಎಂಜೊ ಇದನ್ನು ಹಾಕಿಕೊಂಡು ಬಂದವು. ಕಬ್ಬಿಣದ ಡಿಸ್ಕಿನ ಅರ್ಧದಷ್ಟೇ ತೂಕ. ತುಕ್ಕು ಹಿಡಿಯುವುದಿಲ್ಲ, ಚಕ್ರಕ್ಕೆ ಕಪ್ಪು ಧೂಳು ಮೆತ್ತುವುದಿಲ್ಲ. ರಸ್ತೆಯಲ್ಲಿ ಓಡಿಸಿದರೆ ಎಷ್ಟೋ ವರ್ಷ ಬಾಳುತ್ತದೆ.

6/8
ಹಾಗಾದ್ರೆ ಬಿಚ್ಚೋದು ಎಂತಕ್ಕೆ? ಈಗ ಉತ್ತರ ಸುಲಭ.

ಡಿಸ್ಕಿನೊಳಗೆ ಕಾರ್ಬನ್ ನಾರು ಇದೆ ಅಂದೆ. ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ವಿಪರೀತ ಕಾದರೆ ಆ ನಾರು ಗಾಳಿಯ ಆಮ್ಲಜನಕ ಸೇರಿ ನಿಧಾನಕ್ಕೆ ಸುಟ್ಟುಹೋಗುತ್ತದೆ. ಮೇಲಿಂದ ಕಂಡ್ರೆ ಹೊಸದರ ಹಾಗೇ ಇರಬಹುದು, ದಪ್ಪವೂ ಅಷ್ಟೇ ಇರಬಹುದು. ಒಳಗೆ ಟೊಳ್ಳು. ಅದಕ್ಕೆ ಇದನ್ನು ಮೀನು ತೂಗಿದ ಹಾಗೆ ತೂಗಿ ನೋಡಬೇಕು: ಡಿಸ್ಕಿನ ಮೇಲೆ ಕನಿಷ್ಠ ತೂಕ ಬರೆದಿರುತ್ತದೆ, ಅದಕ್ಕಿಂತ ಇಳಿದರೆ ಬದಲಿಸಲೇಬೇಕು. ಚಕ್ರ ಬಿಚ್ಚುವಾಗ ರಿಮ್ ತಾಗಿದರೂ ಅಂಚು ಚಕ್ಕೆ ಏಳಬಹುದು. ನಾಲ್ಕೂ ಹೊಸದು ಹಾಕಿಸಲು ಹತ್ತು ಲಕ್ಷ ದಾಟುವುದು ಅಪರೂಪವಲ್ಲ.

ಕಬ್ಬಿಣ? ಭಾರ ನಿಜ. ಆದರೆ ಶಾಖವನ್ನು ಹೀರಿಕೊಂಡು ಗಾಳಿಗೆ ಬಿಡುತ್ತದೆ. ಹಾಳಾಗುವ ಮೊದಲು ಸಣ್ಣ ಬಿರುಕು, ಸವೆತ ತೋರಿಸಿ ಕಣ್ಣಿಗೇ ಹೇಳುತ್ತದೆ. ಬೆಲೆ ಎಷ್ಟೋ ಕಡಿಮೆ. ಜಿಟಿ3 ರೇಸ್ ಕಾರುಗಳಿಗಂತೂ ನಿಯಮವೇ ಕಬ್ಬಿಣದ ಜಾತಿಯ ಡಿಸ್ಕ್ ಅನ್ನುತ್ತದೆ, ಇಲ್ಲದಿದ್ದರೆ ದುಡ್ಡಿದ್ದವರದ್ದೇ ಆಟ ಆಗುತ್ತದೆ.

7/8
ಬದಲಿಸುವ ಕೆಲಸವೂ "ಬಿಚ್ಚು, ಹಾಕು" ಅಷ್ಟೇ ಅಲ್ಲ.
▪️ ಕ್ಯಾಲಿಪರಿಗೆ ಸರಿಹೊಂದುವ ಅಳತೆಯ ಡಿಸ್ಕ್ ಬೇಕು.
▪️ ಪ್ಯಾಡ್ ಕೂಡ ಬದಲಾಗಬೇಕು. ಸೆರಾಮಿಕ್ಕಿನ ಪ್ಯಾಡ್ ಕಬ್ಬಿಣಕ್ಕೆ ಆಗುವುದಿಲ್ಲ.
▪️ ಹೊಸ ಡಿಸ್ಕ್, ಪ್ಯಾಡ್ ಒಂದಕ್ಕೊಂದು ಹೊಂದಿಕೊಳ್ಳಲು ಹಂತ ಹಂತವಾಗಿ ಕಾಯಿಸಿ, ತಣಿಸಬೇಕು.
▪️ ಬಿಚ್ಚಿದ ಸೆರಾಮಿಕ್ ಡಿಸ್ಕನ್ನು ಜೋಪಾನವಾಗಿ ಕಟ್ಟಿಡುತ್ತಾರೆ. ಕಾರು ಮಾರುವಾಗ ಅದಕ್ಕೆ ಬೆಲೆ ಇದೆ.

ನಮ್ಮ ಕಡೆಯ ಮೋಟಾರ್ ಸ್ಪೋರ್ಟ್ ಅಂದ್ರೆ ಹೆಚ್ಚಾಗಿ ರ‍್ಯಾಲಿ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆ, ಕಲ್ಲು, ಧೂಳು. ಕಾಸರಗೋಡಿನ ಮೂಸಾ ಶರೀಫ್ ಸಹಚಾಲಕರಾಗಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು ಇಂಥ ರಸ್ತೆಗಳಲ್ಲಿ. ಚಕ್ರದೊಳಗೆ ಕಲ್ಲು ಸಿಡಿಯುವ ಜಾಗದಲ್ಲಿ ಚಕ್ಕೆ ಏಳುವ ಡಿಸ್ಕ್ ಯಾರಿಗೆ ಬೇಕು ಹೇಳಿ?

8/8
ನಮ್ಮಲ್ಲಿ ಯಾರ ಹತ್ತಿರವೂ ಪೋರ್ಷೆ ಇಲ್ಲ, ಗೊತ್ತು 😄 ಆದ್ರೂ ಈ ಕಥೆ ನಮಗೂ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ನಮ್ಮ ಮಳೆಗಾಲ ಹೇಗಿರುತ್ತದೆ ಅಂತ ನಾನು ಹೇಳಬೇಕಾ? ಹಳೇ ಆಯಿಲ್ ಘಟ್ಟದಲ್ಲಿ ಕುದಿದರೆ ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆಗ ಡಿಸ್ಕ್ ಯಾವುದಾದರೂ ಒಂದೇ.

ಹಾಗಾಗಿ ಅಪ್ಪನ ಕಾರೋ ಅಣ್ಣನ ಬೈಕೋ ತಗೊಂಡು ಆಗುಂಬೆಗೆ ಹೊರಡುವ ಮೊದಲು ಕೇಳಿ: ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷ ಆಯ್ತು? ಎರಡು ದಾಟಿದ್ರೆ ಮೊದಲು ಗ್ಯಾರೇಜಿಗೆ. ಇಳಿಯುವಾಗ ಹತ್ತಿದ ಗೇರಲ್ಲೇ ಇಳಿಯಿರಿ, ಬ್ರೇಕ್ ಮೇಲೇ ಕಾಲಿಟ್ಟು ಕೂರಬೇಡಿ. ರೇಸಿನವರು ಹತ್ತು ಲಕ್ಷದ ಬ್ರೇಕ್ ಬಿಚ್ಚಿಡುವುದೂ ಇದೇ ಬುದ್ಧಿಯಿಂದ. ಬೆಲೆ ಎಷ್ಟು ಅಂತಲ್ಲ, ಬಿಸಿ ಆದಾಗ ನಿಲ್ಲುತ್ತದಾ ಅಂತ ನೋಡಬೇಕು.

ಘಟ್ಟದಲ್ಲಿ ಬ್ರೇಕ್ ಕೈಕೊಟ್ಟ ಅನುಭವ ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಆಗಿದ್ಯಾ? ಕೇಳಿ, ಕಮೆಂಟಲ್ಲಿ ಬರೆಯಿರಿ. ಘಟ್ಟಕ್ಕೆ ಹೊರಟ ಫ್ರೆಂಡಿಗೆ ಇದನ್ನ ಕಳಿಸಿ 🙏

#ಬಾರ್ಕೂರು #ಹಿಸ್ಟರಿಕಥೆ #ಆಗುಂಬೆಘಾಟಿ #ಬ್ರೇಕ್ #ಕುಂದಾಪ್ರಕನ್ನಡ