ಗಂಜಿಯ ಊರು, ಪಾನಕದ ಊರು

ಪ್ರಾರ್ಥನೆಯ ಸಾಲಿನಲ್ಲಿ ಆರು ವರ್ಷದ ಮಗು ನಾಲ್ಕರದ್ದರಂತೆ ಕಾಣುವುದು ನನಗೆ ಹೊಸತಲ್ಲ. "ನಮ್ಮ ವಂಶವೇ ಕುಳ್ಳು, ಮೇಡಂ" ಎನ್ನುತ್ತಾರೆ ತಾಯಂದಿರು. ಗ್ವಾಟೆಮಾಲಾ ದೇಶದ ನಾಲ್ಕು ಹಳ್ಳಿಗಳ ಕಥೆ ಓದುವವರೆಗೆ ನಾನೂ ಹಾಗೆಯೇ ನಂಬಿದ್ದೆ.

1969ರಿಂದ 1977ರವರೆಗೆ ಅಲ್ಲಿನ ಎರಡು ಊರುಗಳಲ್ಲಿ ತಾಯಿಮಕ್ಕಳಿಗೆ ಹಾಲಿನ ಪುಡಿ ಬೆರೆಸಿದ 'ಅಟೋಲೆ' ಗಂಜಿ ಕೊಟ್ಟರು. ಉಳಿದೆರಡರಲ್ಲಿ ಪ್ರೋಟೀನಿಲ್ಲದ ಸಿಹಿ ಪಾನಕ. ವೈದ್ಯಕೀಯ ಆರೈಕೆ ನಾಲ್ಕಕ್ಕೂ ಒಂದೇ. ಪಾನಕದ ಊರುಗಳಿಲ್ಲದಿದ್ದರೆ ಮಕ್ಕಳು ಬೆಳೆದದ್ದು ಗಂಜಿಯಿಂದಲೋ ಔಷಧಿಯಿಂದಲೋ ಎಂದು ಯಾರು ಹೇಳಬೇಕು? ಮೂರು ತುಂಬುವಾಗ ಗಂಜಿಯ ಮಕ್ಕಳು ಸುಮಾರು 2.5 ಸೆಂಟಿಮೀಟರ್ ಹೆಚ್ಚು ಬೆಳೆದಿದ್ದರು. ಎರಡು ವರ್ಷದೊಳಗೆ ಅದನ್ನು ಕುಡಿದ ಗಂಡುಮಕ್ಕಳು ದೊಡ್ಡವರಾದಾಗ ಗಂಟೆಗೆ ಶೇಕಡಾ 46ರಷ್ಟು ಹೆಚ್ಚು ಗಳಿಸುತ್ತಿದ್ದರೆಂದು 2008ರಲ್ಲಿ ತಿಳಿಯಿತು.

ಮೂರು ದಾಟಿದ ಮೇಲೆ ಕುಡಿದ ಗಂಜಿ ಎತ್ತರಕ್ಕೆ ಒದಗಲಿಲ್ಲ. ನನ್ನ ಕೈಗೆ ಮಕ್ಕಳು ಬರುವುದು ಆರನೆಯ ವರ್ಷಕ್ಕೆ.