ನೂರು ಸಲ ತೊಳೆದ ತುಪ್ಪ

ಕಳೆದ ಡಿಸೆಂಬರಿನಲ್ಲಿ ಆಫೀಸಿನ ಗೆಳತಿಯೊಬ್ಬಳು ಒಂದು ಪುಟ್ಟ ಗಾಜಿನ ಡಬ್ಬಿ ತಂದು ನನ್ನ ಟೇಬಲ್ ಮೇಲಿಟ್ಟಳು. ಎಸಿ ಗಾಳಿಗೆ ನನ್ನ ಕೈ ಒಡೆದು ಕೆಂಪಾಗಿದ್ದನ್ನು ಅವಳು ನೋಡಿದ್ದಳು. "ಸೆನ್ಸಿಟಿವ್ ಸ್ಕಿನ್‌ಗೆ ಅಂತಲೇ ಮಾಡಿದ್ದಂತೆ. ನೂರು ಸಲ ತೊಳೆದ ತುಪ್ಪ, ಐದು ಸಾವಿರ ವರ್ಷದ ರೆಸಿಪಿ" ಅಂದಳು. ಮುಚ್ಚಳ ತೆಗೆದೆ. ಬೆಣ್ಣೆಯಂಥ ಬಿಳಿ ಬಣ್ಣ, ವಾಸನೆ ಇದ್ದೂ ಇಲ್ಲದಂತೆ. ಇದು ನಮ್ಮ ಆಯಿ ಮಾಡುತ್ತಿದ್ದ ತೊಳದ ತುಪ್ಪ!

ಆಯಿಯ ತವರು ಬೀಳಗಿ ತಾಲ್ಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿ. ಈಗ ಅದು ಆಲಮಟ್ಟಿ ಹಿನ್ನೀರಿನ ಅಡಿಯಲ್ಲಿದೆ. ಮದುವೆಯಾಗಿ ಬಂದದ್ದು ಬನಹಟ್ಟಿಯ ನೇಕಾರರ ಮನೆಗೆ. ನೂಲಿಗೆ ಬಣ್ಣ, ಗಂಜಿ ಅಂತ ದಿನವೆಲ್ಲ ಕೈ ನೆನೆಯುತ್ತಿದ್ದರೆ ಬೆರಳ ಸಂದಿ ಸೀಳದೇ ಇರುತ್ತದೆಯೇ? ರಾತ್ರಿ ಊಟವಾದ ಮೇಲೆ ಆಯಿ ತಾಮ್ರದ ತಟ್ಟೆಯಲ್ಲಿ ಎರಡು ಚಮಚ ಆಕಳ ತುಪ್ಪ ಹಾಕಿ, ಅಷ್ಟೇ ತಣ್ಣೀರು ಸುರಿದು, ಅಂಗೈಯಿಂದ ಉಜ್ಜುತ್ತಾ ಕೂರುತ್ತಿದ್ದಳು. ನೀರು ಚೆಲ್ಲುವುದು, ಹೊಸ ನೀರು ಹಾಕುವುದು, ಮತ್ತೆ ಉಜ್ಜುವುದು. ಲೆಕ್ಕ ಇಡುವ ಕೆಲಸ ನನ್ನದು. ಐವತ್ತು ದಾಟುವಷ್ಟರಲ್ಲಿ ನನಗೆ ನಿದ್ದೆ. ಬೆಳಿಗ್ಗೆ ನೋಡಿದರೆ ಬಟ್ಟಲಲ್ಲಿ ಬಿಳಿ ಮುಲಾಮು.

ಡಬ್ಬಿಯ ಮೇಲಿನ 'ಐದು ಸಾವಿರ ವರ್ಷ' ಮಾತ್ರ ಮಾರಾಟದ ಮಾತು. ಇತಿಹಾಸ ಅಷ್ಟು ಸಲೀಸಲ್ಲ. ಇದಕ್ಕೆ ಸಂಸ್ಕೃತದಲ್ಲಿ ಶತಧೌತ ಘೃತ ಅಂತ ಹೆಸರು; ಚರಕ ಸಂಹಿತೆಯಲ್ಲೇ ಉರಿಗೆ ಲೇಪಿಸುವ ಮದ್ದಾಗಿ ಬರುತ್ತದೆ. ಕನ್ನಡದಲ್ಲೂ ಇಂಥ ಮನೆಬಳಕೆಯ ವಿದ್ಯೆಯನ್ನು ಬರೆದಿಡುವ ಅಭ್ಯಾಸ ಹಳೆಯದೇ. ನಮ್ಮ ಮುಧೋಳದ ರನ್ನ ಚಾಲುಕ್ಯರ ಆಸ್ಥಾನದಲ್ಲಿದ್ದು ಕೆಲವೇ ದಶಕ ಕಳೆದಿರಬೇಕು, ಸುಮಾರು 1025ರಲ್ಲಿ ಅದೇ ಚಾಲುಕ್ಯರ ಕಾಲದ ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಬರೆದ. ಅಡುಗೆ, ಸುಗಂಧ, ಗಿಡಮರ, ಔಷಧ ಎಲ್ಲ ಒಂದೇ ಪುಸ್ತಕದಲ್ಲಿ. ಇನ್ನು ನಾವು ಅಪ್ಪಟ ನಮ್ಮದು ಅಂದುಕೊಂಡಿರುವ 'ಮುಲಾಮು' ಎಂಬ ಪದ? ಅದರ ಬೇರು ಅರಬ್ಬಿಯ 'ಮರಹಮ್'. ಎಷ್ಟೋ ಬಾಯಿ ದಾಟಿ ಬನಹಟ್ಟಿಗೆ ಬಂದದ್ದು.

ನಮ್ಮ ಕಡೆ ಈ ಮುಲಾಮು ಊರಿಗೊಂದು ಥರ. ಜಮಖಂಡಿಯ ಅತ್ತೆ ಬೇವಿನೆಲೆ ಕಾಯಿಸಿದ ಎಣ್ಣೆಗೆ ಜೇನುಮೇಣ ಕರಗಿಸುತ್ತಿದ್ದಳು. ಬೇಸಿಗೆಯಲ್ಲೂ ಕೆಡುವುದಿಲ್ಲ ಅಂತ. ಮುಧೋಳದಲ್ಲಿದ್ದ ಆಯಿಯ ತಂಗಿ, ನಮ್ಮ ಸಣ್ಣಾಯಿ, ತೊಳೆದ ತುಪ್ಪಕ್ಕೆ ಅರಿಶಿಣ ಬೆರೆಸುತ್ತಿದ್ದಳು. ಕಬ್ಬಿನ ರವದಿ ಕೊಯ್ದ ಗೀರುಗಳಿಗೆ ಅದೇ ಮದ್ದು. ಅರಿಶಿಣಕ್ಕೇನು ಬರ? ರಬಕವಿ, ತೇರದಾಳದ ಹೊಲಗಳಲ್ಲಿ ಬೆಳೆದದ್ದು ಸಾಂಗಲಿ ಪೇಟೆಗೆ ಹೋಗುತ್ತಿತ್ತು, ಒಂದಿಷ್ಟು ಮನೆಯ ಡಬ್ಬಿಗೂ ಬೀಳುತ್ತಿತ್ತು.

ಈ ಅರಿಶಿಣವೇ 1995ರಲ್ಲಿ ಸುದ್ದಿಯಾಯಿತು. ಅರಿಶಿಣದಿಂದ ಗಾಯ ಮಾಯಿಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ರಘುನಾಥ ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಇಲ್ಲೊಂದು ತೊಡಕಿತ್ತು. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಬೇರೆ ದೇಶದ ಜನ ಒಂದು ಮದ್ದನ್ನು ಬಳಸುತ್ತಾ ಬಂದಿದ್ದಾರೆ ಎಂದರೆ ಸಾಲದು, ಅದು ಎಲ್ಲಾದರೂ ಅಚ್ಚಾಗಿರಬೇಕು. ಕೋಟ್ಯಂತರ ಅಜ್ಜಿಯರ ಸಾಕ್ಷಿ ಲೆಕ್ಕಕ್ಕಿಲ್ಲ. ಸಿಎಸ್‌ಐಆರ್ 32 ದಾಖಲೆ ಒದಗಿಸಿತು. ಅದರಲ್ಲಿ 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವೂ ಒಂದು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ಬಿತ್ತು. ಅದೇ ತಿಂಗಳು ನಮ್ಮ ನಾಲ್ಕೂ ಊರು ಬಿಜಾಪುರ ಜಿಲ್ಲೆ ಬಿಟ್ಟು ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿದ್ದವು. ಮನೆಯಲ್ಲಿ ಮಾತಾಡಿದ್ದು ಜಿಲ್ಲೆಯ ಬಗ್ಗೆಯೇ ಹೊರತು ಅರಿಶಿಣದ ಬಗ್ಗೆ ಅಲ್ಲ.

ಆಗ ನನಗೆ ಏಳು ವರ್ಷ. ರಜೆಯಲ್ಲಿ ಮುಧೋಳಕ್ಕೆ ಹೋದಾಗ ಸಣ್ಣಾಯಿ ತನ್ನ ಹಳದಿ ಮುಲಾಮು ಹಚ್ಚಿದಳು. ಸಂಜೆಯೊಳಗೆ ಮೈ ದದ್ದೆದ್ದು ಉರಿ. ಮನೆಗೆ ಬಂದ ಮೇಲೆ ಆಯಿ ನೋಡಿ, "ಈಕಿಗೆ ಅರಿಷಿಣ ಆಗಿ ಬರಂಗಿಲ್ಲ" ಅಂತ ಅಷ್ಟೇ ಹೇಳಿದಳು. ಮುಂದೆ ನನಗೆಂದು ಮಾಡಿದ್ದರಲ್ಲಿ ತುಪ್ಪ, ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೂ ಮೊದಲು ಮೊಣಕೈ ಒಳಮಗ್ಗುಲಿಗೆ ಒಂದು ಬೊಟ್ಟು ಹಚ್ಚಿ, ಎರಡು ದಿನ ಕಾದು, "ಉರೀತೈತೇನ?" ಅಂತ ಕೇಳಿದ ಮೇಲೆಯೇ. ಇವತ್ತು ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿ ನೋಡಿ ಅನ್ನುವುದೂ ಹೆಚ್ಚುಕಡಿಮೆ ಇದನ್ನೇ. ಹಸಿ ಗಾಯಕ್ಕೆ, ಕೀವಿಗೆ ಆಯಿ ಅದನ್ನು ಮುಟ್ಟಿಸುತ್ತಿರಲಿಲ್ಲ, "ದವಾಖಾನಿಗೆ ನಡಿ" ಅನ್ನುತ್ತಿದ್ದಳು. ನೀರಿನ ಪಸೆ ಇರುವ ಮುಲಾಮು ಬೇಗ ಕೆಡುತ್ತದೆ ಅಂತ ವಾರಕ್ಕಾಗುವಷ್ಟೇ ಮಾಡುತ್ತಿದ್ದಳು.

ಯೋಚಿಸಿ ನೋಡಿ. ಅರಿಶಿಣದಿಂದ ಗಾಯ ಮಾಯುತ್ತದೆ ಎಂಬ ತಿಳಿವಳಿಕೆ ಕಾಗದದಲ್ಲಿತ್ತು, ಉಳಿಯಿತು. ಯಾರಿಗೆ ಅರಿಶಿಣ ಹಾಕಬಾರದು ಎಂಬುದು ಆಯಿಯ ತಲೆಯಲ್ಲಿತ್ತು. ಆಯಿ ಹೋಗಿ ಒಂಬತ್ತು ವರ್ಷವಾಯಿತು. ಅವಳಿಗೆ ಇದನ್ನು ಕಲಿಸಿದ ಬೀಳಗಿ ಕಡೆಯ ಹೆಂಗಸರ ಓಣಿಯೂ ನೀರಿನಡಿ ಇದೆ. ಊರವರು ಪುನರ್ವಸತಿ ಕೇಂದ್ರಗಳಿಗೆ ಚದುರಿ ಹೋದರು; ಯಾರ ಮೈಗೆ ಏನು ಒಗ್ಗುತ್ತದೆ ಎಂದು ಬಲ್ಲ ನೆರೆಮನೆಯವರೂ ಜೊತೆಗೇ ಚದುರಿದರು.

ಡಬ್ಬಿಯನ್ನು ಗೆಳತಿಗೆ ವಾಪಸ್ ಕೊಟ್ಟೆ. ಅದರಲ್ಲಿ ಅರಿಶಿಣ ಮತ್ತು ಮೂರು ಬಗೆಯ ಸುಗಂಧ ತೈಲ ಇತ್ತು. ಆ ರಾತ್ರಿ ಮುಧೋಳದ ಸಣ್ಣಾಯಿಗೆ ಫೋನ್ ಮಾಡಿ, ಬರೆದುಕೊಳ್ಳಲು ಲ್ಯಾಪ್‌ಟಾಪ್ ತೆರೆದಿಟ್ಟು, "ಆಯಿ, ಮುಲಾಮಿಗೆ ಏನೇನ್ ಹಾಕ್ಬೇಕು, ಎಷ್ಟೆಷ್ಟ್ ಹಾಕ್ಬೇಕು ಹೇಳು" ಅಂದೆ. ಕಿವಿ ಸ್ವಲ್ಪ ಮಂದ, ಎರಡು ಸಲ ಹೇಳಬೇಕಾಯಿತು. ಆಮೇಲೆ ಅವಳು ಕೇಳಿದಳು: "ಮೊದ್ಲ ಯಾರಿಗಿ ಹಚ್ಚೂದೈತಿ, ಅದನ್ನ ಹೇಳವ್ವಾ."

ನಾನು ಮೊದಲ ಸಾಲಿನಲ್ಲಿ ಅದನ್ನೇ ಬರೆದುಕೊಂಡೆ.