ರೇಡಿಯೊ ಉಪಗ್ರಹದಲ್ಲಿ ಟಿವಿ ಹಿಡಿಸ್ತಿತ್ತಾ?

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಿಂದ ಮಾತಾಡ್ತಾ ಇದ್ದೀನಿ. ಈಚೆಗೆ ಕೇಳುಗರಿಂದ ಬರೋ ಮೆಸೇಜುಗಳಲ್ಲಿ ಅರ್ಧ ಇದೇ: "ಬರೀ ಆಡಿಯೊ ಯಾಕೆ, ವಿಡಿಯೊ ಮಾಡಿ." ಉತ್ತರ ಹೇಳೋಕೆ ಮುಂಚೆ ಒಂದು ಹಳೇ ಕಥೆ ಹೇಳ್ತೀನಿ. ಉಪಗ್ರಹ ರೇಡಿಯೊ ಕಥೆ. ಅದೂ ವಿಡಿಯೊ ಕಡೆಗೆ ಹೋಗಬಹುದಿತ್ತಾ ಅನ್ನೋದೇ ಇವತ್ತಿನ ಕಂತು.

ವರ್ಲ್ಡ್‌ಸ್ಪೇಸ್ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ಇಥಿಯೋಪಿಯಾ ಮೂಲದ ನೋವಾ ಸಮಾರಾ ಅಮೆರಿಕದಲ್ಲಿ 1990ರಲ್ಲಿ ಕಟ್ಟಿದ ಕಂಪನಿ. ಆಫ್ರಿಕಾಕ್ಕೆ 1998ರಲ್ಲಿ ಒಂದು ಉಪಗ್ರಹ, ಏಷ್ಯಾಕ್ಕೆ 2000ದ ಮಾರ್ಚ್‌ನಲ್ಲಿ 'ಏಷ್ಯಾಸ್ಟಾರ್' ಅನ್ನೋ ಇನ್ನೊಂದು. ಭಾರತದ ಕಚೇರಿ ಇದ್ದದ್ದು ನಮ್ಮ ಬೆಂಗಳೂರಲ್ಲೇ. ಚಂದಾ ಕಟ್ಟಬೇಕು, ಅದಕ್ಕೇ ಅಂತ ಮಾಡಿದ ಸೆಟ್ ಕೊಳ್ಳಬೇಕು, ಅಂಗೈಯಗಲದ ಆಂಟೆನಾವನ್ನು ಕಿಟಕಿ ಹತ್ತಿರ ಆಕಾಶಕ್ಕೆ ಮುಖಮಾಡಿ ಇಡಬೇಕು. ಆಮೇಲೆ ಜಾಹೀರಾತಿನ ಕಾಟ ಇಲ್ಲದ ಹಾಡು. ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಕನ್ನಡಕ್ಕೇ ಅಂತ 'ಸ್ಪರ್ಶ'. ಪ್ರಚಾರದ ಮುಖ ಎ.ಆರ್. ರೆಹಮಾನ್.

ಸರಿ, ಹಾಡು ಕಳಿಸೋ ಉಪಗ್ರಹ ಸಿನಿಮಾನೂ ಕಳಿಸಬಹುದಿತ್ತಲ್ವಾ? ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ.

ಏಷ್ಯಾಸ್ಟಾರ್ ಭೂಮಿ ಕಡೆ ಮೂರು ಕಿರಣ ಬಿಡ್ತಿತ್ತು. ಒಂದೊಂದು ಕಿರಣದಲ್ಲಿ ಎರಡು ಕೊಳವೆ ಅಂದುಕೊಳ್ಳಿ. ಪ್ರತಿ ಕೊಳವೆಯಲ್ಲಿ 16 ಕಿಲೋಬಿಟ್‌ನ 96 ಎಳೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್; ಎರಡೂ ಸೇರಿ 3 ಮೆಗಾಬಿಟ್. ಹಾಡಿನ ವಾಹಿನಿಗೆ 64 ಕಿಲೋಬಿಟ್ ಕೊಟ್ಟರೆ ಒಂದು ಕಿರಣದಲ್ಲಿ 48 ವಾಹಿನಿ ಆರಾಮಾಗಿ ಕೂರುತ್ತವೆ. ಆದರೆ ಆಗಿನ ತಂತ್ರಜ್ಞಾನದಲ್ಲಿ ಮಾಮೂಲಿ ಟಿವಿ ವಾಹಿನಿ ಒಂದಕ್ಕೇ 3ರಿಂದ 4 ಮೆಗಾಬಿಟ್ ಬೇಕು. ಅಂದರೆ 48 ವಾಹಿನಿಗಳ ಬಾಯಿ ಮುಚ್ಚಿಸಿದರೂ ಒಂದು ಟಿವಿ ಹಿಡಿಸೋದೇ ಕಷ್ಟ!

ಕೊಳವೆ ದೊಡ್ಡದು ಮಾಡಬಹುದಿತ್ತಲ್ಲ ಅಂತೀರಾ? ಡಿಟಿಎಚ್‌ಗೆ ಮನೆ ಮೇಲೆ ಅಲುಗಾಡದ ತಟ್ಟೆ ಇರುತ್ತೆ, ಅದು ಹೆಚ್ಚು ಸಿಗ್ನಲ್ ಹಿಡಿಯುತ್ತೆ. ಕೈಯಲ್ಲಿ ಹಿಡಿದು ಓಡಾಡೋ ಸೆಟ್‌ನ ಪುಟ್ಟ ಆಂಟೆನಾಕ್ಕೆ ಸಿಗೋದು ಬೊಗಸೆ ನೀರು ಅಷ್ಟೇ. ಅನುಕೂಲ ಎಲ್ಲಿತ್ತೋ ಮಿತಿಯೂ ಅಲ್ಲೇ ಇತ್ತು.

ಹೊರಗಡೆ ಕೆಲವರು ಪ್ರಯತ್ನಪಟ್ಟರು. ಅಮೆರಿಕದ ಸಿರಿಯಸ್ ರೇಡಿಯೊ 2007ರಲ್ಲಿ ಕ್ರೈಸ್ಲರ್ ಕಾರುಗಳ ಹಿಂದಿನ ಸೀಟಿನ ಮಕ್ಕಳಿಗಾಗಿ ಟಿವಿ ಶುರು ಮಾಡಿತು. ಸಿಕ್ಕಿದ್ದು ಮೂರೇ ವಾಹಿನಿ, ಅದೂ ಸಣ್ಣ ಪರದೆಗೆ. ಜಪಾನ್ 2004ರಲ್ಲಿ, ಕೊರಿಯಾ 2005ರಲ್ಲಿ ಓಡಾಡುವವರಿಗಂತಲೇ ಉಪಗ್ರಹ ಟಿವಿ ತಂದವು. ಜಪಾನಿನದು 2009ರಲ್ಲಿ, ಕೊರಿಯಾದ್ದು 2012ರಲ್ಲಿ ಬಾಗಿಲು ಹಾಕಿದವು. ನೆಲದ ಮೇಲಿನ ಗೋಪುರಗಳಿಂದ ಮೊಬೈಲ್ ಟಿವಿ ಬಿಟ್ಟಿ ಸಿಗ್ತಿದ್ದಾಗ ದುಡ್ಡು ಕೊಟ್ಟು ನೋಡೋರು ಯಾರು? ಅಷ್ಟರಲ್ಲಿ ಸ್ಮಾರ್ಟ್‌ಫೋನೂ ಬಂತು.

ಉಲ್ಟಾ ದಾರಿ ಮಾತ್ರ ಸಲೀಸು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಶುರುವಾದಾಗ ಅದರ ಜೊತೆಗೆ ಆಕಾಶವಾಣಿ ವಾಹಿನಿಗಳೂ ಬಂದವು. ಟಿವಿಯ ಕೊಳವೆಯ ಮೂಲೆಯಲ್ಲಿ ರೇಡಿಯೊ ಸುಮ್ಮನೆ ಕೂತುಬಿಡುತ್ತೆ. ಇನ್ನೂ ಹಿಂದೆ ಹೋಗಿ: 1975–76ರ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ ಬಂತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸಬಲ್ಲದಾಗಿತ್ತು. ಹಾಗಾಗಿ ಒಂದೇ ಚಿತ್ರಕ್ಕೆ ಕನ್ನಡವೂ ತೆಲುಗೂ ಸಾಧ್ಯವಾಯ್ತು. ದುಬಾರಿ ಯಾವಾಗಲೂ ಚಿತ್ರವೇ. ಭಾಷೆಗಳಿಗೆ ಜಾಗ ಸಿಕ್ಕಿದ್ದು ಧ್ವನಿಯಿಂದ.

ವರ್ಲ್ಡ್‌ಸ್ಪೇಸ್ 2008ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಪ್ರಸಾರ ನಿಂತಿತು. 'ಸ್ಪರ್ಶ'ವೂ ಹೋಯ್ತು. ಆ ಕಂಪನಿಯ ಚಂದಾದಾರರಲ್ಲಿ ಬಹುಪಾಲು ಭಾರತದವರೇ. ದುಡ್ಡು ಕೊಟ್ಟು ತಂದ ಸೆಟ್‌ಗೆ ಬೇರೆ ಉಪಗ್ರಹದ ವಾಹಿನಿ ಹಿಡಿಯೋಕೆ ಬರ್ತಿರಲಿಲ್ಲ. ರಾತ್ರೋರಾತ್ರಿ ಅದು ಮೂಕ ಡಬ್ಬಿ. ಇತ್ತ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಹುಟ್ಟುಹಾಕಿದ ಬಾನುಲಿಯ 'ಆಕಾಶವಾಣಿ' ಅನ್ನೋ ಹೆಸರನ್ನೇ ಇಟ್ಟುಕೊಂಡ ದೇಶದ ರೇಡಿಯೊ ಇವತ್ತಿಗೂ ಮಾತಾಡ್ತಾ ಇದೆ. ಅದು ಅಗ್ಗದ, ಯಾವ ಕಂಪನಿಯ ಸೆಟ್ಟಿಗಾದರೂ ಸಿಗುತ್ತೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. 64 ಕಿಲೋಬಿಟ್‌ನ ಒಂದು ಗಂಟೆ ಆಡಿಯೊ 29 ಎಂಬಿ. 1 ಮೆಗಾಬಿಟ್‌ನ ಒಂದು ಗಂಟೆ ವಿಡಿಯೊ 450 ಎಂಬಿ. ನಮ್ಮ ಕಡೆ ಹೊಗೆಸೊಪ್ಪು ಬೇಯಿಸೋ ಕಾಲಕ್ಕೆ ರಾತ್ರಿಯೆಲ್ಲಾ ಬ್ಯಾರನ್ ಒಲೆಗೆ ಸೌದೆ ಹಾಕ್ತಾ ಎಚ್ಚರ ಇರ್ತಾರಲ್ಲ, ಅವರ ಕಣ್ಣು ಬೆಂಕಿ ಮೇಲೆ, ಥರ್ಮಾಮೀಟರ್ ಮೇಲೆ. ಬಿಡುವಾಗಿರೋದು ಕಿವಿ ಒಂದೇ.

ಹಾಗಾಗಿ ಇದು ಆಡಿಯೊ ಆಗೇ ಉಳಿಯುತ್ತೆ. ಒಂದು ಕೆಲಸ ಮಾತ್ರ ಶುರು ಮಾಡಿದ್ದೀನಿ: ಪ್ರತಿ ಕಂತನ್ನೂ ಎಂಪಿ3 ಫೈಲಾಗಿ, ಯಾವ ಆ್ಯಪೂ ಬೇಡದ ಹಾಗೆ ಇಟ್ಟಿರ್ತೀನಿ. ಇಳಿಸ್ಕೊಂಡು ಇಟ್ಕೊಳ್ಳಿ. ನಾಳೆ ಯಾವ ಕಂಪನಿ ಬಾಗಿಲು ಹಾಕಿದರೂ ನಿಮ್ಮ ಫೋನ್ ಮೂಕ ಆಗಬಾರದು.